ಅಂಚಿನವನ ಪಾಲು

ಹೆಬ್ಬೆರಳನ್ನೂ ತೋರುಬೆರಳನ್ನೂ ಬಲಗಿವಿಯ ಹತ್ತಿರ ತಂದು ಉಜ್ಜಿ ನೋಡಿದ. ಕೇಳಿಸಿತು. ಎಡಗಿವಿಗೂ ಹಾಗೆಯೇ ಮಾಡಿದ. ಅದಕ್ಕೂ ಕೇಳಿಸಿತು, ಒಣಗಿದ ಚರ್ಮದ ಮೇಲೆ ಒಣಗಿದ ಚರ್ಮ ತೀಡುವ ಸಣ್ಣ ಸದ್ದು. ಆದರೂ ಇಲ್ಲುಗಿಗೆ ಸಮಾಧಾನವಾಗಲಿಲ್ಲ. ಇಂಥ ಹತ್ತಿರದ ಸದ್ದುಗಳೆಲ್ಲ ಅಪ್ಪನಿಗೂ ಬಹಳ ಕಾಲ ಕೇಳಿಸುತ್ತಿದ್ದವು. ಚಮಚ ತಟ್ಟೆಗೆ ತಾಗಿದ್ದು, ಬೂಟಿನಡಿ ಮಂಜುಗಡ್ಡೆ ಮುರಿದದ್ದು, ತನ್ನದೇ ಕೆಮ್ಮು. “ಮೊದಲು ಹಕ್ಕಿಗಳು ಹೋಗ್ತವೆ ಕಣೋ” ಎಂದು ಅಪ್ಪ ಹೇಳಿದ್ದ, ಮೊಟ್ಟೆ ತೊಳೆಯುವ ಹೆಂಗಸರ ನಡುವೆ ಕೂತು, ಗುಟ್ಟಾಗಿ ಹೇಳುತ್ತಿದ್ದೇನೆಂದು ತಿಳಿದು, ಎಲ್ಲರಿಗೂ ಕೇಳಿಸುವಷ್ಟು ಜೋರಾಗಿ. “ಆಮೇಲೆ ಹೆಂಗಸರ ದನಿ. ಗಂಡಸರದ್ದು ಕೊನೆಗೆ.” ಹೆಂಗಸರು ನಕ್ಕಿದ್ದರು. ಹಾಗಾದ್ರೆ ನೀನೇ ಪುಣ್ಯವಂತ ಮುದುಕಪ್ಪಾ, ನಮ್ಮ ಬೈಗುಳ ತಪ್ತು ಎಂದು ಒಬ್ಬಳು ಅಂದಿದ್ದಳು. ಇಲ್ಲುಗಿಯೂ ಅವರ ಜೊತೆ ನಕ್ಕಿದ್ದ. ಆ ನಗು ಈಗ ಹಾಸಿಗೆಯಲ್ಲಿ ಬಂದು ಚುಚ್ಚಿತು. ಪಕ್ಕದಲ್ಲಿ ಹೆಂಡತಿ ಅಲ್ಡಾ ಗೋಡೆಯ ಕಡೆ ತಿರುಗಿ ಮಲಗಿದ್ದಳು, ಎರಡು ಕಿವಿಗೂ ಕುರಿಯ ಉಣ್ಣೆ ತುರುಕಿಕೊಂಡು. ಅವಳು ದೊಡ್ಡ ನೆಲದವಳು. ಮದುವೆಯಾಗಿ ದ್ವೀಪಕ್ಕೆ ಬಂದ ಮೊದಲ ವಸಂತದಲ್ಲಿ ಹಕ್ಕಿಗಳ ಗದ್ದಲಕ್ಕೆ ನಿದ್ದೆಗೆಟ್ಟು, ನನಗೆ ಹುಚ್ಚು ಹಿಡಿಯುತ್ತೆ ಎಂದು ಅತ್ತು ಕರೆದು, ಕೊನೆಗೆ ಅತ್ತೆ ತೋರಿಸಿಕೊಟ್ಟ ಹಾಗೆ ಉಣ್ಣೆ ತುರುಕಿಕೊಳ್ಳುವುದನ್ನು ಕಲಿತವಳು. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಆ ಉಣ್ಣೆ ಅವಳ ಕಿವಿಯಿಂದ ಹೊರಬರುವುದು ಊಟ ತಿಂಡಿಯ ಹೊತ್ತಿಗೆ ಮಾತ್ರ. ಹಾಗಾಗಿ ಅವಳನ್ನು ಕೇಳುವಂತಿರಲಿಲ್ಲ. ಉಣ್ಣೆ ಇಲ್ಲದಿದ್ದರೂ ಕೇಳುವ ಧೈರ್ಯ ಅವನಿಗಿರಲಿಲ್ಲ.

ಕಿಟಕಿ ತೆರೆದೇ ಇತ್ತು. ಕತ್ತಲೆಯೇ ಆಗದ ಈ ತಿಂಗಳುಗಳಲ್ಲಿ ಹಕ್ಕಿಗಳಿಗೆ ಮಲಗುವ ಹೊತ್ತೆಂಬುದಿಲ್ಲ. ಪ್ರತಿ ವರ್ಷ ದಿಬ್ಬದಾಚೆ, ಪೂರ್ವದ ಬಂಡೆಗೋಡೆಯಿಂದ ಅವುಗಳ ಗದ್ದಲ ಎದ್ದು, ದಿಬ್ಬ ಹತ್ತಿ, ಇಳಿದು, ಹೊಸಿಲು ದಾಟಿ ಅಡುಗೆಮನೆಯ ಪಾತ್ರೆಗಳ ನಡುವೆ ಬಂದು ಕೂರುತ್ತಿತ್ತು. ಅದನ್ನು ದ್ವೀಪದವರು ಕೇಳಿಸಿಕೊಳ್ಳುತ್ತಾರೆಂದು ಹೇಳುವುದೂ ಕಷ್ಟ. ಅದರೊಳಗೇ ಮಾತು, ಅದರೊಳಗೇ ಜಗಳ, ಅದರೊಳಗೇ ನಿದ್ದೆ. ಈ ವರ್ಷ ಮಾತ್ರ ಇಲ್ಲುಗಿಗೆ ಸೊಗಸಾದ ನಿದ್ದೆ ಬರತೊಡಗಿತ್ತು. ಮೊದಮೊದಲು ಹೊಸ ಹಾಸಿಗೆಯ ಗುಣ ಎಂದುಕೊಂಡ. ಆಮೇಲೆ ಗಾಳಿಯ ಮೇಲೆ ಹಾಕಿದ. ಪಡುವಣ ಗಾಳಿ ಬಿಡದೆ ಬೀಸುತ್ತಿತ್ತಲ್ಲ, ಸದ್ದನ್ನೆಲ್ಲ ಕಡಲಿಗೆ ಒಯ್ಯುತ್ತಿದೆ ಎಂದು. ಒಂದು ದಿನ ಗಾಳಿ ತಿರುಗಿತು. ಪೂರ್ವದಿಂದ, ಬಂಡೆಗೋಡೆಯ ಕಡೆಯಿಂದಲೇ ಬಂದು ಅಂಗಳದಲ್ಲಿ ಒಣಗಿದ್ದ ಬಟ್ಟೆಗಳನ್ನು ಮನೆಯತ್ತ ಉಬ್ಬಿಸಿತು. ಇಲ್ಲುಗಿ ಬಕೆಟ್ಟು ಕೆಳಗಿಟ್ಟು ಅಂಗಳದಲ್ಲೇ ನಿಂತ. ಬಟ್ಟೆಯ ಪಟಪಟ ಇತ್ತು. ಅದರ ಹಿಂದೆ ಇರಬೇಕಾದ್ದು ಇರಲಿಲ್ಲ. ಎಲ್ಲೋ ಒಂದೆರಡು ಗೊಗ್ಗರು ದನಿ ಇದ್ದಂತೆಯೂ ಇತ್ತು, ಇಲ್ಲದಂತೆಯೂ ಇತ್ತು. ಅಪ್ಪನ ಕಿವಿ ನನಗೂ ಬಂತು ಎಂದು ಅವನಿಗೆ ಆ ಕ್ಷಣ ಖಚಿತವಾಯಿತು.

ಯಾರನ್ನಾದರೂ ಕೇಳಿಬಿಡಬಹುದಿತ್ತು. ನಿನಗೆ ಕೇಳಿಸ್ತಿದೆಯಾ ಎಂದು ಅಂಗಡಿಯಲ್ಲೋ, ದೋಣಿಕಟ್ಟೆಯಲ್ಲೋ ಒಂದು ಮಾತು. ಆದರೆ ಬಾಯಿ ಕಟ್ಟಿತ್ತು. ಬೇಸಗೆಯ ಮೊದಲ ದಿನದ ಊಟ ಮುಗಿದು ಕೈ ತೊಳೆದ ಮೇಲೆ, ವರ್ಷದ ಮೊದಲ ಮೊಟ್ಟೆ ಬಂಡೆಯಿಂದ ಮೇಲೆ ಬಂದು ಅದನ್ನು ಅಂಚಿನವನು, ಬಂಡೆಯಂಚಿನಲ್ಲಿ ಮಲಗಿ ಹಗ್ಗದವನ ಕೂಗು ಕೇಳುವವನು, ಕುಡಿಯುವ ತನಕ, ದ್ವೀಪದಲ್ಲಿ ಯಾರೂ ಹಕ್ಕಿಗಳ ಮಾತೆತ್ತುವುದಿಲ್ಲ. ಬಂದವೇ, ಎಷ್ಟು ಬಂದವು, ಇನ್ನೂ ಬರಲಿಲ್ಲವೇ, ಯಾವುದೂ ಇಲ್ಲ. ಅಂಚಿಗೆ ಹೋಗಿ ಇಣುಕುವುದೂ ಇಲ್ಲ. ಆಡಿಕೊಂಡರೆ ಅವಕ್ಕೆ ಕೇಳಿಸುತ್ತದೆ, ಕೇಳಿಸಿದರೆ ಎದ್ದು ಹೋಗಿಬಿಡುತ್ತವೆ. ಇದೆಲ್ಲ ಅಜ್ಜಿಯರ ಕಾಲದ್ದು ಎಂದು ಎಲ್ಲರೂ ನಗುತ್ತಾರೆ, ಪಾದ್ರಿಯೂ ನಗುತ್ತಾನೆ, ಆದರೆ ಯಾರೂ ಬಾಯಿ ಬಿಡುವುದಿಲ್ಲ, ಪಾದ್ರಿಯೂ ಬಿಡುವುದಿಲ್ಲ. ಮೀನಿಗೆ ಹೋಗಿ ಪೂರ್ವದ ಬದಿಯಿಂದ ಸುತ್ತಿ ಬಂದವರು ದಡಕ್ಕಿಳಿದು ಹವೆಯ ಮಾತಾಡುತ್ತಾರೆ, ಎಂಜಿನ್ನಿನ ಮಾತಾಡುತ್ತಾರೆ. ಈ ವರ್ಷ ಎಂಜಿನ್ನಿನ ಮಾತು ತುಸು ಹೆಚ್ಚಾಗಿಯೇ ಇತ್ತು.

ಅಡುಗೆಮನೆಯಲ್ಲಿ ಅಲ್ಡಾ ಒಲೆಯ ಕಡೆ ಮುಖ ಮಾಡಿ ಏನೋ ಅಂದಳು. ಅವನು ಹೂಂ ಎಂದ. ಇತ್ತೀಚೆಗೆ ಅವನು ಎಲ್ಲಕ್ಕೂ ಹೂಂ ಅನ್ನುತ್ತಿದ್ದ. ತಪ್ಪಿದರೆ ಒಂದು ನಗು. ಅವಳು ತಿರುಗಿ ನೋಡಿದಳು. “ಏನು ಹೂಂ? ಬೆಣ್ಣೆ ಬೇಕೋ ಬೇಡ್ವೋ ಅಂದೆ.” ಬೇಕು ಎಂದ. ಒಣಮೀನನ್ನು ಬೆರಳಲ್ಲಿ ಸೀಳಿ ಬೆಣ್ಣೆ ಹಚ್ಚುತ್ತ, ಅವಳು ಮೊದಲ ಸಲ ಹೇಳಿದ್ದು ಕಿವಿಗೆ ಬಿದ್ದಿತ್ತೋ, ಬಿದ್ದೂ ಮನಸ್ಸಿಗೆ ಬೀಳಲಿಲ್ಲವೋ ಎಂದು ಯೋಚಿಸಿದ. ಮೊದಲು ಹಕ್ಕಿಗಳು, ಆಮೇಲೆ ಹೆಂಗಸರ ದನಿ. ಪೇಟೆಯಲ್ಲೂ ಹೀಗೇ ಆಗಿತ್ತು. ಟ್ರಾಕ್ಟರಿನ ಬೆಲ್ಟು ತರುತ್ತೇನೆಂದು ಸುಳ್ಳು ಹೇಳಿ ದೋಣಿ ಹತ್ತಿ, ದೊಡ್ಡ ನೆಲದ ಪೇಟೆಗೆ ಹೋಗಿ, ಕಿವಿಯ ಡಾಕ್ಟರ ಬಾಗಿಲು ಹುಡುಕಿಕೊಂಡು ಒಳಗೆ ಹೋಗಿದ್ದ. ಮೇಜಿನ ಹಿಂದಿದ್ದ ಹುಡುಗಿ ತಲೆ ಬಗ್ಗಿಸಿಕೊಂಡೇ ಏನೋ ಕೇಳಿದಳು. ಅವನ ಬಾಯಿಂದ ಮಾತು ಹೊರಡಲಿಲ್ಲ. ಅವಳು ತಲೆಯೆತ್ತಿ, ಅವನ ನರೆಗೂದಲು ನೋಡಿ, ದಯೆಯಿಂದ, ಕಟ್ಟಡಕ್ಕೇ ಕೇಳಿಸುವ ಹಾಗೆ ಕೂಗಿದಳು: “ನಿಮ್ಮ ಹೆಸರೇನು ಅಜ್ಜಾ?” ಕೂತಿದ್ದವರೆಲ್ಲ ತಿರುಗಿ ನೋಡಿದರು. ಅವರಲ್ಲಿ ಒಬ್ಬ ಮುದುಕ, ಕಿವಿಯಲ್ಲಿ ಮೈಬಣ್ಣದ ಯಂತ್ರ ಇಟ್ಟುಕೊಂಡವನು, ಬಾ ನಮ್ಮ ಸಾಲಿಗೆ ಎನ್ನುವ ಹಾಗೆ ಮುಗುಳ್ನಕ್ಕು ಪಕ್ಕದ ಕುರ್ಚಿಯ ಮೇಲಿದ್ದ ಕೋಟು ತೆಗೆದ. ಇಲ್ಲುಗಿ ಬಾಗಿಲು ತಪ್ಪಿ ಬಂದೆ ಎಂದು ಹೇಳಿ ಹೊರಗೆ ಬಂದುಬಿಟ್ಟ. ಆ ಮುದುಕನ ಮೇಲೆ ಬಂದ ಸಿಟ್ಟು ವಾಪಸ್ಸು ಬರುವ ದೋಣಿಯಲ್ಲೂ ಇಳಿಯಲಿಲ್ಲ. ಬೆಲ್ಟು ತರುವುದನ್ನೂ ಮರೆತಿದ್ದ.

“ಇವತ್ತು ಬಂಡೆಗೆ ಇಳೀತಾರಂತಾ?” ಅಲ್ಡಾ ಕೇಳಿದಳು. ಇಳಿಯುತ್ತಾರೆ ಎಂದ. ಅವಳು ತೊಟ್ಟಿ ತುಂಬಿಸಿಡುತ್ತೇನೆ ಎಂದಳು. ಮೊಟ್ಟೆಗಳನ್ನು ನೀರಿಗೆ ಬಿಟ್ಟು ನೋಡುವ ತೊಟ್ಟಿ ಅದು. ಮುಳುಗಿದ್ದು ತಾಜಾ, ತೇಲಿದ್ದರೊಳಗೆ ಮರಿ ಕಟ್ಟಿರುತ್ತದೆ. ಅಪ್ಪ ತನ್ನ ಕೊನೆಯ ಬೇಸಗೆಗಳನ್ನೆಲ್ಲ ಆ ತೊಟ್ಟಿಯ ಮುಂದೆ ಕಳೆದಿದ್ದ, ತೋಳು ಮಡಚಿ, ಕೆಂಪಗೆ ಬಿರಿದ ಕೈಗಳನ್ನು ತಣ್ಣೀರಲ್ಲಿ ಅದ್ದಿ. ಅಂಚಿನ ಮೇಲೆ ಮಲಗುತ್ತಿದ್ದ ಮನುಷ್ಯ. ದ್ವೀಪದಲ್ಲಿ ಹಗ್ಗ ಕಟ್ಟಿಕೊಂಡು ಇಳಿಯುವವನಿಗೆ ಹೆಸರಿದೆ, ಆದರೆ ಅವನ ಜೀವ ಇರುವುದು ಅಂಚಿನವನ ಕಿವಿಯಲ್ಲಿ. ಗದ್ದಲದ ನಡುವಿನಿಂದ ಆ ಒಂದು ದನಿಯನ್ನು ಹೆಕ್ಕಿ, ಎಳಿ, ಬಿಡು, ನಿಲ್ಲಿಸು ಎಂಬುದನ್ನು ಕೈ ಎತ್ತಿ ಹಿಂದೆ ಟ್ರಾಕ್ಟರಿನವರಿಗೆ ತಿಳಿಸಬೇಕು. ವಾಕಿಟಾಕಿ ತಂದು ನೋಡಿದ್ದೂ ಆಯಿತು. ಎರಡು ಕೈಯೂ ಬಂಡೆಗೆ ಬೇಕಾದವನು ಅದನ್ನು ಎಲ್ಲಿ ಹಿಡಿಯುತ್ತಾನೆ? ಅದರೊಳಗೂ ಕೇಳಿಸುತ್ತಿದ್ದುದು ಹಕ್ಕಿಗಳೇ. ಅಂಚಿನಲ್ಲಿ ಅಪ್ಪನ ಕೊನೆಯ ವರ್ಷ, ಕೆಳಗಿದ್ದವನು ಎಳೀರಿ ಎಳೀರಿ ಎಂದು ಗಂಟಲು ಹರಿದುಕೊಂಡರೂ ಅಪ್ಪ ಬಂಡೆಯ ಮೇಲೆ ಗದ್ದವಿಟ್ಟು ಹಾಯಾಗಿ ಕಡಲು ನೋಡುತ್ತಿದ್ದ. ಹಗ್ಗದವನು ಕೊನೆಗೆ ತಾನೇ ಹಗ್ಗ ಹಿಡಿದು ತೆವಳಿಕೊಂಡು ಮೇಲೆ ಬಂದ. ಬೈಯಲಿಲ್ಲ. ಅಪ್ಪನ ಅಡಿಯಿಂದ ಕುರಿಚರ್ಮವನ್ನು ಮೆಲ್ಲಗೆ ಎಳೆದುಕೊಂಡು, ಮಣ್ಣು ಕೊಡವಿ, ನಾಲ್ಕು ಮಡಿಕೆ ಮಾಡಿ, ಅಪ್ಪನ ಕಾಲ ಹತ್ತಿರ ಇಟ್ಟ. ಅಷ್ಟೇ. ಇಲ್ಲುಗಿ ಅಲ್ಲೇ ನಿಂತು ನೋಡಿದ್ದ. ಬೈದಿದ್ದರೆ ಚೆನ್ನಾಗಿತ್ತು ಎಂದು ಇಂದಿಗೂ ಅನಿಸುತ್ತದೆ. ಅದೇ ಚರ್ಮ ಈಗ ಅವನದು, ಬಾಗಿಲ ಹಿಂದಿನ ಗೂಟದಲ್ಲಿ ನೇತಾಡುತ್ತಿತ್ತು, ಅವನ ಮೈಯ ಗುರುತು ಬಿದ್ದು ನಡುವೆ ತುಪ್ಪಟ ಸವೆದಿತ್ತು. ಅದನ್ನು ಹೆಗಲಿಗೆ ಹಾಕಿಕೊಂಡ. ಈ ವರ್ಷ ಒಂದು, ಎಂದುಕೊಂಡ. ಈ ವರ್ಷ ಒಂದು ಹೇಗಾದರೂ ಕಳೆದರೆ ಮುಂದಿನ ವರ್ಷ ತಾನೇ ಬಿಡುತ್ತೇನೆ. ಹಗ್ಗದ ಮೇಲೆ ಅಂಗೈ ಇಟ್ಟುಕೊಂಡರೆ ಅದು ಅದುರುವುದು ತಿಳಿಯುತ್ತದೆ, ಕಣ್ಣಿದೆ, ಅನುಭವವಿದೆ. ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಗ ಅವನಿಗೆ ತನ್ನ ಮೇಲೆ ಹೇಸಿಗೆಯೂ ಆಗುತ್ತಿತ್ತು. ಯಾಕೆಂದರೆ ಹಗ್ಗದ ತುದಿಯಲ್ಲಿ ಇರುವವನು ಯಾರೋ ಅಲ್ಲ, ತಂಗಿಯ ಗಂಡ.

ತಂಗಿ ಹೆರ್ದಿಸ್ ಆಗಲೇ ಟ್ರಾಕ್ಟರ್ ಹತ್ತಿ ಕೂತಿದ್ದಳು. ಅವಳ ಗಂಡ ಸ್ಟುರ್ಲಾ ಕೊಟ್ಟಿಗೆಯ ಮುಂದೆ ಸೊಂಟಪಟ್ಟಿ ಬಿಗಿದುಕೊಳ್ಳುತ್ತ, ಹೊಟ್ಟೆ ಒಳಗೆಳೆದು, ಉಸಿರು ಕಟ್ಟಿ, ಕೊಂಡಿ ಸಿಗದೆ ಪೇಚಾಡುತ್ತಿದ್ದ.

“ಭಾವ, ನೋಡಿಲ್ಲಿ, ಚಳಿಗಾಲದ ಕುರಿಯೆಲ್ಲ ಇಲ್ಲೇ ಕೂತಿದೆ. ಹಗ್ಗ ತಡೆಯುತ್ತಾ?”

“ತಡೀದಿದ್ರೆ ಬಿಡು,” ಹೆರ್ದಿಸ್ ಮೇಲಿನಿಂದ ಅಂದಳು, “ಹಗ್ಗ ಹೊಸದು ತರಬಹುದು.”

“ಕೇಳಿಸ್ತಾ ಭಾವ ನಿನ್ನ ತಂಗಿ ಮಾತು?”

ಕೇಳಿಸ್ತಾ ಎಂಬ ಶಬ್ದಕ್ಕೆ ಇಲ್ಲುಗಿ “ಕೇಳಿಸ್ತು, ಕೇಳಿಸ್ತು” ಎಂದು ಎರಡು ಸಲ, ಬೇಕಾದ್ದಕ್ಕಿಂತ ಜೋರಾಗಿ ಹೇಳಿದ. ಹೆರ್ದಿಸ್ ಅಣ್ಣನ ಮುಖವನ್ನೇ ಒಂದು ಗಳಿಗೆ ನೋಡಿ ಎಂಜಿನ್ ಹಚ್ಚಿದಳು. ಅಪ್ಪನೂ ಹೀಗೇ, ಬರಬರುತ್ತ ಎಲ್ಲ ಮಾತನ್ನೂ ಕೂಗಿಯೇ ಆಡುತ್ತಿದ್ದ. ಅವಳಿಗೆ ಅದು ನೆನಪಿಲ್ಲದೆ ಇರುತ್ತದೆಯೇ? ದಿಬ್ಬ ಹತ್ತುವಾಗ ಸ್ಟುರ್ಲಾ ಪಕ್ಕದಲ್ಲೇ ನಡೆಯುತ್ತ ಬಾಯಿಗೆ ಬಂದದ್ದೆಲ್ಲ ಹರಟಿದ: ಪಾದ್ರಿಯ ನಾಯಿ, ಸೋರುವ ಮಾಡು, ಯಾವನೋ ಪ್ರವಾಸಿ ಚಿಟ್ಟೆ ಹಿಡಿಯುವ ಬಲೆ ತಂದು ಇಲ್ಲಿ ಮೀನು ಹಿಡಿಯಲು ಹೊರಟದ್ದು. ಟ್ರಾಕ್ಟರಿನ ಸದ್ದಿನಲ್ಲೂ ಇಲ್ಲುಗಿ ಅವನ ಒಂದೊಂದು ಮಾತನ್ನೂ ಹಿಡಿಯುತ್ತಿದ್ದ. ಗಂಡಸರದ್ದು ಕೊನೆಗೆ, ಎಂದು ನೆನಪಾಗಿ ಅದೂ ಸಮಾಧಾನ ಕೊಡಲಿಲ್ಲ. ದಿಬ್ಬ ದಾಟಿದ ಮೇಲೆ ಹೆರ್ದಿಸ್ ಟ್ರಾಕ್ಟರನ್ನು ಒಂದು ತಗ್ಗಿನಲ್ಲಿ ನಿಲ್ಲಿಸಿ, ಹಗ್ಗ ಬಿಚ್ಚಿ ಕಟ್ಟುವ ತನಕ ಎಂಜಿನ್ ಆರಿಸಿದಳು. ಸದ್ದಡಗಿದ್ದೇ ತಡ ಸ್ಟುರ್ಲಾನ ಮಾತೂ ಅಡಗಿತು. ಅರ್ಧ ವಾಕ್ಯದಲ್ಲಿ. ಅವನು ಬಾಯಿ ತೆರೆದುಕೊಂಡೇ ಅಂಚಿನ ಕಡೆ ನೋಡಿದ, ಹೆಂಡತಿಯನ್ನು ನೋಡಿದ, ಹೆಂಡತಿ ಅಣ್ಣನನ್ನು ನೋಡಿ ತಟ್ಟನೆ ಕಣ್ಣು ಬೇರೆಡೆ ತಿರುಗಿಸಿದಳು. ಹಗ್ಗದ ಸಿಂಬಿಯನ್ನು ಬೇಕಿಲ್ಲದಿದ್ದರೂ ಮತ್ತೆ ಸುತ್ತತೊಡಗಿದಳು. ಇಲ್ಲುಗಿಗೆ ಎಲ್ಲ ತಿಳಿದುಹೋಯಿತು. ಇವರಿಗೆ ಗೊತ್ತಾಗಿದೆ. ಈ ಹೊತ್ತಿಗೆ ಇಲ್ಲಿ ಕಿವಿಗಡಚಿಕ್ಕುವ ಗದ್ದಲ ಇರಬೇಕು, ಇವರಿಬ್ಬರೂ ಅದರಲ್ಲಿ ಮುಳುಗಿ ನಿಂತಿದ್ದಾರೆ, ನಾನು ಮಾತ್ರ ಮೌನದಲ್ಲಿ ನಿಂತು ಪಿಳಿಪಿಳಿ ನೋಡುತ್ತಿದ್ದೇನೆ, ಅದು ನನ್ನ ಮುಖದ ಮೇಲೆ ಬರೆದಿದೆ. ಈಗ ಸ್ಟುರ್ಲಾ ಬಂದು ಮೆಲ್ಲಗೆ ಹೆಗಲ ಮೇಲಿನ ಚರ್ಮಕ್ಕೆ ಕೈ ಹಾಕುತ್ತಾನೆ. ಹಾಕಲಿ, ಎಂದುಕೊಂಡ. ಒಂದು ಗಳಿಗೆ ನಿಜಕ್ಕೂ ಹಾಕಲಿ ಎಂದೇ ಆಸೆಪಟ್ಟ. ಸ್ಟುರ್ಲಾ ಹಾಕಲಿಲ್ಲ. ಮೊಟ್ಟೆಚೀಲವನ್ನು ಕೊರಳಿಗೆ ತಗುಲಿಸಿಕೊಂಡು, ಹಗ್ಗದ ಗಂಟು ಜಗ್ಗಿ ನೋಡಿ, ಸುಮ್ಮನೆ ಅಂಚಿಗೆ ನಡೆದ.

ಮುಂಚೆ ಆಗಿದ್ದರೆ ಅಷ್ಟು ಹತ್ತಿರ ಹೋದಾಗ ಮುಖಕ್ಕೆ ಬಡಿಯುತ್ತಿದ್ದುದು ಸದ್ದು ಮತ್ತು ನಾತ ಎರಡೂ ಒಟ್ಟಿಗೆ. ನಾತ ಇತ್ತು. ತಲೆಮಾರುಗಳ ಹಿಕ್ಕೆ ಬಂಡೆಗೆ ಅಂಟಿದ್ದು ಎಲ್ಲಿ ಹೋಗುತ್ತದೆ? ಇಲ್ಲುಗಿ ಚರ್ಮ ಹಾಸಿ, ಬೋರಲಾಗಿ ಮಲಗಿ, ತಲೆಯನ್ನು ಅಂಚಿನಿಂದ ಆಚೆ ಚಾಚಿದ. ಬಂಡೆಯ ಮೇಲಿನ ಮೆಟ್ಟಿಲಂಥ ಪಡಿಗಳಲ್ಲಿ ಎಣ್ಣೆ ಉಗುಳುವ ಬೂದು ಹಕ್ಕಿಗಳು ಯಾವಾಗಿನ ಹಾಗೆ ಮುಖ ಊದಿಸಿಕೊಂಡು ಕೂತಿದ್ದವು. ಅವು ಹೇಗೂ ಮಾತು ಕಮ್ಮಿಯವು. ಅವುಗಳ ಕೆಳಗೆ ಬಂಡೆ ಉಬ್ಬಿ ಮುಂದೆ ಬರುತ್ತದೆ, ಮುದುಕಿಯ ಗದ್ದ ಅಂತ ಅದರ ಹೆಸರು. ಅದರ ಕೆಳಗಿನದು ಮೇಲಿನವರಿಗೆ ಕಾಣುವುದಿಲ್ಲ, ಇವತ್ತು ಮಂಜೂ ತುಂಬಿತ್ತು. ಕರಿಬೆನ್ನಿನ ಲಾಂಗ್ವಿಯಾ ಹಕ್ಕಿಗಳಿರುವುದು ಅಲ್ಲೇ, ಗದ್ದದ ಕೆಳಗೆ, ಹುಲ್ಲಿಲ್ಲ ಗೂಡಿಲ್ಲ, ಬರೀ ಕಲ್ಲಿನ ಮೇಲೆ ಭುಜಕ್ಕೆ ಭುಜ ತಾಗಿಸಿ ನಿಂತು, ಒಂದೊಂದೇ ಮೊಟ್ಟೆಯನ್ನು ಕಾಲ ಮೇಲಿಟ್ಟುಕೊಂಡು. ಗದ್ದ ದಾಟಿದ ಮೇಲೆ ಹಗ್ಗದವನಿಗೆ ಅಂಚಿನವನ ಕಿವಿಯೊಂದೇ ಗತಿ. ಸ್ಟುರ್ಲಾ ಅಂಚಿನಲ್ಲಿ ಹಿಮ್ಮುಖವಾಗಿ ನಿಂತ. ಅವನ ಬೂಟುಗಳು ಇಲ್ಲುಗಿಯ ಮುಖದ ಪಕ್ಕದಲ್ಲೇ ಇದ್ದವು. ಇಳಿಯುವ ಮುಂಚೆ ಕೇಳಬೇಕಾದ್ದನ್ನು ಕೇಳಿದ, ಯಾವಾಗಲೂ ನಗುತ್ತ ಕೇಳುವವನು ಇವತ್ತು ನಗದೆ.

“ಕಿವಿ ಕೊಡ್ತೀಯಾ?”

ಇದಕ್ಕೆ ಉತ್ತರ ಒಂದೇ. ಅದನ್ನು ಅಪ್ಪ ಹೇಳುತ್ತಿದ್ದ, ಅಪ್ಪನ ಅಪ್ಪ ಹೇಳುತ್ತಿದ್ದ. ಇಲ್ಲ ಎಂದೂ ಹೇಳಬಹುದು, ಹಿಂದೆ ಜ್ವರ ಬಂದವರು, ಕುಡಿದವರು ಹೇಳಿದ್ದುಂಟು, ಅದರಲ್ಲಿ ಅವಮಾನವೇನಿಲ್ಲ ಎಂದು ಊರು ಹೇಳುತ್ತದೆ. ಇಲ್ಲುಗಿಯ ನಾಲಿಗೆಯ ತುದಿಯಲ್ಲಿ ಅದು ಇತ್ತು. ತೊಟ್ಟಿಯ ಮುಂದಿನ ಕೆಂಪು ಕೈಗಳು ಕಣ್ಣಿಗೆ ಕಟ್ಟಿದವು.

“ಕೊಟ್ಟೆ,” ಎಂದ.

ಎಡಗೈ ಎತ್ತಿದ, ಬಿಡು. ಹಿಂದೆ ಟ್ರಾಕ್ಟರ್ ಹಗ್ಗ ಬಿಡತೊಡಗಿತು. ಸ್ಟುರ್ಲಾನ ಟೊಪ್ಪಿ ಇಳಿಯಿತು, ಬೂದು ಹಕ್ಕಿಯೊಂದು ಅವನತ್ತ ಎಣ್ಣೆ ಕಾರಿತು, ಅವನು ತೋಳಿನಿಂದ ಒರೆಸಿಕೊಂಡ. ಗದ್ದದ ಮೇಲೆ ಕಾಲಿಟ್ಟ, ಮೇಲೆ ನೋಡಿದ, ಮುಖ ಬೆಳ್ಳಗಿತ್ತು, ಆಮೇಲೆ ಮಂಜು ಅವನನ್ನು ನುಂಗಿಕೊಂಡಿತು. ಇಲ್ಲುಗಿ ಹಗ್ಗದ ಮೇಲೆ ಅಂಗೈ ಒತ್ತಿ ಹಿಡಿದ. ಬೆವರು ಕಣ್ಣಿಗಿಳಿಯಿತು. ಹಗ್ಗ ಸುಮ್ಮನೆ ಜಾರುತ್ತಿತ್ತು, ಅದು ಏನನ್ನೂ ಹೇಳುತ್ತಿರಲಿಲ್ಲ. ಈಗ ಸ್ಟುರ್ಲಾ ನಿಲ್ಲಿಸು ಎಂದು ಕೂಗಿರಬಹುದೇ? ಕೂಗಿ, ನಿಲ್ಲದೆ, ಪಡಿ ತಪ್ಪಿ ಇನ್ನೂ ಕೆಳಗೆ ಹೋಗುತ್ತಿರಬಹುದೇ? ಎರಡು ಕೈಯನ್ನೂ ಅಡ್ಡ ಹಿಡಿದು ನಿಲ್ಲಿಸಿಬಿಟ್ಟ, ಯಾರೂ ಹೇಳದೆ, ಬರೀ ಹೆದರಿಕೆಯಿಂದ. ಹೆರ್ದಿಸ್ ನಿಲ್ಲಿಸಿ, ಎಂಜಿನ್ ಆರಿಸಿ ಕಾದಳು. ಅವಳು ಎಂದೂ ಅಣ್ಣನ ಕೈಯನ್ನು ಪ್ರಶ್ನಿಸಿದವಳಲ್ಲ. ಅವಳಿಗೆ ಮಕ್ಕಳಿಲ್ಲ, ಇರುವುದು ಇವನೊಬ್ಬ, ಹೊಟ್ಟೆ ಬಂದ ಹರಟೆಮಲ್ಲ. ಹೇಳಿಬಿಡುತ್ತೇನೆ, ಎದ್ದು ಹೋಗಿ ಅವಳಿಗೆ ಹೇಳಿಬಿಡುತ್ತೇನೆ ಎಂದು ಮೊಣಕೈ ಊರಿದ. ಎದ್ದರೆ ಅಂಚಿನಲ್ಲಿ ಯಾರೂ ಇರುವುದಿಲ್ಲ. ಮತ್ತೆ ಮಲಗಿದ. ಪ್ರಾರ್ಥನೆ ಮಾಡಲು ಹೋಗಿ, ಪ್ರಾರ್ಥನೆಯ ಬದಲು, ಅಪ್ಪಾ ಎಂದ.

ಆಗ ಕೇಳಿಸಿತು.

ಮೂಗು ಎಳೆದುಕೊಂಡ ಸದ್ದು. ಯಾರೋ ಪಕ್ಕದಲ್ಲೇ ಕೂತು ಮೂಗು ಎಳೆದುಕೊಂಡ ಹಾಗೆ. ಇಲ್ಲುಗಿ ತಿರುಗಿ ನೋಡಿದ. ಯಾರೂ ಇರಲಿಲ್ಲ, ಹೆರ್ದಿಸ್ ದೂರದ ತಗ್ಗಿನಲ್ಲಿದ್ದಳು. ಮತ್ತೆ ಕೆಳಗಿನಿಂದ, ಮಂಜಿನೊಳಗಿನಿಂದ, ಬೂಟು ಕಲ್ಲಿಗೆ ಉಜ್ಜಿದ ಸದ್ದು, ಸಣ್ಣ ಹರಳೊಂದು ಬಿಡಿಸಿಕೊಂಡು ಪಡಿಯಿಂದ ಪಡಿಗೆ ಬೀಳುತ್ತ ಹೋದ ಸದ್ದು, ತೀರ ಕೆಳಗೆ ಅದು ನೀರು ಮುಟ್ಟಿದ ಸದ್ದು ಕೂಡ. ಆಮೇಲೆ ಸ್ಟುರ್ಲಾನ ದನಿ. ಕೂಗಲ್ಲ. ಮನುಷ್ಯ ತನ್ನಷ್ಟಕ್ಕೆ ಆಡಿಕೊಳ್ಳುವ ಮಾತು. “ಎಲ್ಲಿ ಹೋದ್ರಪ್ಪಾ,” ಅನ್ನುತ್ತಿದ್ದ ಅವನು, “ಎಲ್ಲಿ ಹೋದ್ರಿ ಎಲ್ಲ?” ಈ ಬಂಡೆಯ ಕೆಳಗಿನಿಂದ ಇಂಥ ಪಿಸುಮಾತು ಮೇಲೆ ಬಂದದ್ದು ಇಲ್ಲುಗಿಯ ಜೀವಮಾನದಲ್ಲಿ ಇಲ್ಲ, ಅಪ್ಪನ ಜೀವಮಾನದಲ್ಲೂ ಇಲ್ಲ. ಎಲ್ಲೋ ಒಂದು ಲಾಂಗ್ವಿಯಾ ಅರ್ರ್ ಎಂದಿತು. ಒಂದೇ ಒಂದು. ಅದರ ದನಿ ಎಲ್ಲಿ ಶುರುವಾಗಿ ಎಲ್ಲಿ ನಿಂತಿತೆಂದು ಸಹ ಸ್ಪಷ್ಟವಾಗಿ ತಿಳಿಯಿತು. ನನಗೆ ಕೇಳಿಸುತ್ತಿದೆ, ಎಂದುಕೊಂಡ ಇಲ್ಲುಗಿ. ಎಲ್ಲವೂ ಕೇಳಿಸುತ್ತಿದೆ. ನನ್ನ ಕಿವಿಗೆ ಏನೂ ಆಗಿಲ್ಲ, ಹಕ್ಕಿಗಳೇ ಬಂದಿಲ್ಲ. ಎದೆಯ ಮೇಲಿದ್ದ ಚಪ್ಪಡಿ ಎತ್ತಿ ಬಿಸಾಡಿದಂತಾಗಿ, ತಡೆಯುವ ಮುಂಚೆಯೇ ನಗು ಬಂದುಬಿಟ್ಟಿತು. ಸಂತೋಷದ ನಗು, ಹೊಟ್ಟೆಯಿಂದ ಬಂದದ್ದು, ಇಷ್ಟು ವರ್ಷಗಳಲ್ಲಿ ಅಷ್ಟು ಸಂತೋಷ ಅವನಿಗೆ ಆಗಿರಲಿಲ್ಲ. ಬರಿದಾದ ಬಂಡೆಗೆ ಅದು ಬಡಿದು, ಎದುರಿನ ಮೂಲೆಗೆ ಹೋಗಿ, ಮರಳಿ ಬಂತು. ಅದು ಮರಳಿ ಬಂದಾಗ ಅವನು ಅದನ್ನು ಕೇಳಿಸಿಕೊಂಡ. ಕೇಳಿಸಿಕೊಂಡು ಬಾಯಿ ಮುಚ್ಚಿದ.

ಕೆಳಗೆ ಏನೂ ಅಲುಗಲಿಲ್ಲ. ಬಹಳ ಹೊತ್ತಾದ ಮೇಲೆ ಸ್ಟುರ್ಲಾ, ಊಟದ ಮೇಜಿನಲ್ಲಿ ಉಪ್ಪು ಕೇಳುವಷ್ಟೇ ಮೆಲ್ಲಗೆ, “ಎಳೀರಿ” ಎಂದ. ಇಲ್ಲುಗಿ ಬಲಗೈ ಎತ್ತಲು ಹೋದ. ಕೈ ಇನ್ನೂ ನೆಲದ ಮೇಲಿದ್ದಾಗಲೇ ಎಂಜಿನ್ ಹತ್ತಿತು, ಹಗ್ಗ ಬಿಗಿಯಿತು, ಟ್ರಾಕ್ಟರ್ ಹಿಂದೆ ಸರಿಯತೊಡಗಿತು. ತಗ್ಗಿನಲ್ಲಿದ್ದ ಹೆರ್ದಿಸ್‌ಗೂ ಕೇಳಿಸಿತ್ತು. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅವನು ಅದರಿಂದ ಟೊಪ್ಪಿ ಸರಿಮಾಡಿಕೊಂಡ.

ಸ್ಟುರ್ಲಾ ಅಂಚು ಹತ್ತಿ, ಹುಲ್ಲಿನ ಮೇಲೆ ಕೂತು, ಸುಧಾರಿಸಿಕೊಂಡ. ಕಣ್ಣು ಕೆಂಪಾಗಿತ್ತು. ಚೀಲ ಕೊರಳಲ್ಲಿ ಚಪ್ಪಟೆಯಾಗಿ ಬಿದ್ದಿತ್ತು. ಹೆರ್ದಿಸ್ ಎಂಜಿನ್ ಆರಿಸಿ ಓಡಿಬಂದು ಅವನ ಭುಜ, ಕೈ, ಮೊಣಕಾಲು ಎಲ್ಲ ಮುಟ್ಟಿ ನೋಡಿದಳು. ಅವನು ಅವಳನ್ನು ನೋಡಲಿಲ್ಲ.

“ಯಾಕೆ ನಕ್ಕೆ ಭಾವ?”

“ಕೆಮ್ಮು ಬಂತು.”

“ಕೆಮ್ಮಲ್ಲ ಅದು. ನಾನಲ್ಲಿ ಕೆಳಗೆ ನಿಂತಿದ್ದೆ. ಏನಿತ್ತು ನಗೋಕೆ?”

ಸುಳ್ಳು ಹೇಳಿ ಹೇಳಿ ಇಲ್ಲುಗಿಗೆ ಸಾಕಾಗಿತ್ತು. ನಿಜ ಹೇಳಿದರೆ ಇವರೂ ತನ್ನ ಜೊತೆ ಸ್ವಲ್ಪ ಹಗುರಾಗಬಹುದೆಂಬ ಪೆದ್ದು ಆಸೆಯೂ ಇತ್ತು. “ಕಿವಿ ಸರಿಯಾಗಿದೆ ಅಂತ ಗೊತ್ತಾಯ್ತು,” ಎಂದ. “ಅದಕ್ಕೆ.”

ಸ್ಟುರ್ಲಾ ಹುಬ್ಬು ಗಂಟಿಕ್ಕಿದ. “ನಿನ್ನ ಕಿವಿ ಯಾವಾಗ ಕೆಟ್ಟಿತ್ತು?”

“ಒಂದು ತಿಂಗಳಿಂದ... ಅಪ್ಪನ ಹಾಗೆ ಆಯ್ತೇನೋ ಅಂತ. ಏನೂ ಕೇಳಿಸ್ತಾ ಇರಲಿಲ್ಲವಲ್ಲ. ಆ ಕಡೆಯಿಂದ.”

“ಅಯ್ಯೋ ಅಣ್ಣ, ನಮಗೆ ಯಾರಿಗೂ—” ಎಂದು ಹೆರ್ದಿಸ್ ಶುರುಮಾಡಿದಳು.

“ಬಾಯಿ,” ಎಂದ ಸ್ಟುರ್ಲಾ. “ಇನ್ನೂ ಕುಡಿದಿಲ್ಲ ಅವನು.” ಅವಳು ತುಟಿ ಕಚ್ಚಿ ಸುಮ್ಮನಾದಳು. ಸ್ಟುರ್ಲಾ ಸೊಂಟದ ಗಂಟು ಬಿಚ್ಚುತ್ತ ಬಿಚ್ಚುತ್ತ ನಿಂತುಬಿಟ್ಟ. ಅವನ ಮುಖದಲ್ಲಿ ಏನೋ ಒಂದೊಂದೇ ಹೆಜ್ಜೆ ಇಳಿದು ತಳ ಮುಟ್ಟುವುದನ್ನು ಇಲ್ಲುಗಿ ನೋಡಿದ. ನೋಡಿ, ತಾನು ಏನು ಹೇಳಿಬಿಟ್ಟೆನೆಂದು ಆಗ ಅರಿವಾಯಿತು.

“ಹಾಗಾದ್ರೆ ಇಳಿಯೋ ಮುಂಚೆ ನಾನು ಕೇಳಿದಾಗ,” ಸ್ಟುರ್ಲಾ ನಿಧಾನವಾಗಿ ಹೇಳಿದ, “ಕಿವುಡ ಆಗಿದೀನಿ ಅಂತ ನೀನು ಅಂದ್ಕೊಂಡಿದ್ದೆ.”

ಇಲ್ಲುಗಿ ಚರ್ಮದ ಸವೆದ ತುಪ್ಪಟವನ್ನು ಬೆರಳಲ್ಲಿ ಸವರಿದ.

“ಅಂದ್ಕೊಂಡೇ ಕೊಟ್ಟೆ ಅಂದೆ. ಅಂದ್ಕೊಂಡೇ ನನ್ನ ಇಳಿಸಿದೆ.”

“ಸ್ಟುರ್ಲಾ, ನನ್ನ ಮಾತು ಕೇಳು—”

“ಕೇಳ್ತಾ ಇದೀನಿ ಭಾವ. ಇವತ್ತು ಎಲ್ಲ ಚೆನ್ನಾಗಿ ಕೇಳಿಸ್ತಿದೆ.”

ಹೆರ್ದಿಸ್ ಗಂಡನ ತೋಳು ಹಿಡಿದುಕೊಂಡಿದ್ದಳು. ಈಗ ಅವಳು ಅಣ್ಣನನ್ನು ನೋಡಿದಳು. ಅಂಗಳದಲ್ಲಿ ಬಂದು ನಿಂತ ಗುರುತಿಲ್ಲದವನನ್ನು ನೋಡುವ ಹಾಗೆ, ಸಿಟ್ಟಿಲ್ಲದೆ, ಯಾರಿವನು ಎಂಬ ಹಾಗೆ. ಬೈಯಿರೋ, ಎಂದುಕೊಂಡ ಇಲ್ಲುಗಿ. ದೇವರಾಣೆಗೂ ಒಂದು ಬೈಯಿರಿ. ಯಾರೂ ಬೈಯಲಿಲ್ಲ. ಮಂಜು ಅಂಚಿನಿಂದ ಮೇಲೆ ಬಂದು ಹುಲ್ಲಿನ ಮೇಲೆ ಹರಡುತ್ತಿತ್ತು. ಯಾರೂ ಎಬ್ಬಿಸದೆ ತಾನೇ ಎದ್ದು, ಚರ್ಮವನ್ನು ಎತ್ತಿ, ಕೊಡವಿ, ಎರಡು ಮಡಿಕೆ ಮಾಡಿದ. ಇನ್ನೆರಡು ಮಾಡಲು ಕೈ ಬರದೆ ಹಾಗೇ ಹಿಡಿದು ನಿಂತ.

ಸ್ಟುರ್ಲಾ ಚೀಲದೊಳಗೆ ಕೈ ಹಾಕಿ ಮೊಟ್ಟೆ ತೆಗೆದ. ಒಂದು. ಹಸಿರುನೀಲಿ, ಮೇಲೆ ಕಪ್ಪು ಗೀಚು, ಒಂದು ತುದಿ ಚೂಪು. ಬಂಡೆಯ ಮೇಲಿಟ್ಟರೆ ಉರುಳಿ ಹೋಗದೆ ತನ್ನ ಸುತ್ತಲೇ ತಿರುಗುವ ಆ ಮೊಟ್ಟೆ. ಪ್ಯಾಂಟಿಗೆ ಅದನ್ನು ಒರೆಸಿ, ತೋಳುದ್ದ ಚಾಚಿ ಹಿಡಿದ.

“ತಗೋ. ಅಂಚಿನವನ ಪಾಲು.”

“ಬೇಡ ಸ್ಟುರ್ಲಾ. ವಾಪಸ್ಸು ಇಟ್ಟುಬಿಡೋಣ. ಇದೊಂದೇ—”

“ಯಾರು ಇಳೀತಾರೆ ಇಡೋಕೆ?” ಎಂದ ಸ್ಟುರ್ಲಾ. “ನೀನು ಮೇಲೆ ಮಲಗಿರ್ತೀಯಾ, ನಾನು ಇಳೀಲಾ?” ಆಮೇಲೆ ದನಿ ಒಡೆದು, “ಕುಡಿ ಭಾವ. ನೀನು ಕುಡಿಯೋ ತನಕ ನಾವು ಏನೂ ಮಾತಾಡೋ ಹಾಗಿಲ್ಲ. ಊರೂ ಮಾತಾಡೋ ಹಾಗಿಲ್ಲ. ಒಂದು ತಿಂಗಳಾಯ್ತು ನಾವೆಲ್ಲ ಬಾಯಿ ಕಟ್ಟಿಕೊಂಡು. ಕುಡಿದುಬಿಡು.”

ಮೊಟ್ಟೆ ಇನ್ನೂ ಬಿಸಿಯಾಗಿತ್ತು. ಇಲ್ಲುಗಿ ಜೇಬಿನಿಂದ ಚಾಕು ತೆಗೆದು ಚೂಪಾದ ತುದಿಯನ್ನು ತಟ್ಟಿದ. ತೂತು ಮಾಡಿ, ಚೂರುಗಳನ್ನು ಉಗುರಿನಿಂದ ಬಿಡಿಸಿ, ತಲೆ ಹಿಂದಕ್ಕೆ ವಾಲಿಸಿ, ಬಾಯಿಗೆ ಹಿಡಿದ. ಹೇಸಿಗೆಯಾಗಬಹುದು, ವಾಂತಿಯಾಗಬಹುದು, ಆದರೆ ಆಗಲಿ ಎಂದುಕೊಂಡ. ಹೇಸಿಗೆಯಾಗಲಿಲ್ಲ. ಎಲ್ಲ ವರ್ಷದ ಹಾಗೆಯೇ ಅದು ರುಚಿಯಾಗಿತ್ತು, ಕೊಬ್ಬಿನ, ಸ್ವಲ್ಪ ಕಡಲಿನ ರುಚಿ. ಸ್ಟುರ್ಲಾ ಮತ್ತು ಹೆರ್ದಿಸ್ ನೋಡುತ್ತ ನಿಂತಿದ್ದರು. ಹಿಂದೆಲ್ಲ ಈ ಹೊತ್ತಿಗೆ ಹಕ್ಕಿಗಳ ಗದ್ದಲದ ಮೇಲೆ ದನಿ ಏರಿಸಿ ಎಲ್ಲರೂ ಕೇಕೆ ಹಾಕುತ್ತಿದ್ದರು. ಅವನು ನುಂಗಿದ. ಅದು ಗಂಟಲಿಳಿದ ಸದ್ದು ಮೂವರಿಗೂ ಕೇಳಿಸಿತು.